ಹಳೇ ನೀರು ಚೆಲ್ಲುವ ಮುಂಚೆ: ಮನೆಯ ರೂಢಿಗಳನ್ನು ಪ್ರಶ್ನಿಸುವ ಕ್ರಮ

ನಲ್ಲಿಯಲ್ಲಿ ನೀರು ಬಂದ ದಿನ ದಾವಣಗೆರೆಯ ನಮ್ಮ ಬೀದಿಯಲ್ಲಿ ಚರಂಡಿ ತುಂಬಿ ಹರಿಯುತ್ತದೆ. ಮಳೆ ಬಂದಿರುವುದಿಲ್ಲ. ಕೊಡ, ಡ್ರಮ್ಮುಗಳಲ್ಲಿ ಉಳಿದ 'ಹಳೇ ನೀರನ್ನು' ಮನೆಮನೆಯವರೂ ಚೆಲ್ಲಿರುತ್ತಾರೆ. ನಾಲ್ಕು ದಿನ ಒಂದೊಂದು ಚೊಂಬನ್ನೂ ಲೆಕ್ಕ ಹಾಕಿ ಬಳಸಿದ ನೀರು ಅದು. ಯಾಕೆ ಚೆಲ್ಲಿದಿರಿ ಅಂತ ಕೇಳಿದರೆ, "ಹಳೇದಲ್ವಾ" ಅನ್ನುತ್ತಾರೆ. ನಾನೂ ಹನ್ನೆರಡು ವರ್ಷ ಚೆಲ್ಲಿದ್ದೇನೆ.

ಇಂಥ ರೂಢಿಗಳನ್ನು ಒಮ್ಮೆ ಕೂತು ಪ್ರಶ್ನಿಸಬೇಕು ಅಂತ ಹೊರಟವರು ನನ್ನ ಪರಿಚಯದಲ್ಲೇ ಸುಮಾರು ಜನ ಇದ್ದಾರೆ. ಹೆಚ್ಚಿನವರು ಎರಡು ವಾರದಲ್ಲಿ ಕೈಬಿಟ್ಟರು. ಒಬ್ಬರು ಹತ್ತು ರೂಢಿಗಳನ್ನು ಒಂದೇ ದಿನ ಬದಲಿಸಲು ಹೋಗಿ ಸುಸ್ತಾದರು. ಇನ್ನೊಬ್ಬರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟರು. ಮತ್ತೊಬ್ಬರು ಕಾರಣ ತಿಳಿಯದೆ ಒಂದು ಒಳ್ಳೇ ರೂಢಿಯನ್ನೇ ನಿಲ್ಲಿಸಿ, ಮನೆತುಂಬ ಸೊಳ್ಳೆ ಮಾಡಿಕೊಂಡರು. ಮೂವರ ಉದ್ದೇಶವೂ ಒಳ್ಳೆಯದೇ, ಕೆಲಸದ ಕ್ರಮ ಮಾತ್ರ ಹಿಂದೆ ಮುಂದೆ ಆಗಿತ್ತು. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಬೇಕಾದ ಸಾಮಾನು

ನಲವತ್ತು ಪುಟದ ಒಂದು ನೋಟ್‌ಬುಕ್ಕು ಮತ್ತು ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು ಬೇಕು. ಇವೆರಡೂ ಅಡುಗೆಮನೆಯಲ್ಲೇ ನೇತಾಡುತ್ತಿರಲಿ. ಫೋನಿನಲ್ಲಿ ಬರೆದುಕೊಳ್ಳಬೇಡಿ. ಬರೆಯಲು ತೆಗೆದ ಫೋನಿನಲ್ಲಿ ಬೇರೇನೋ ನೋಡುತ್ತಾ ಕೂರುತ್ತೇವೆ, ಬರೆಯುವುದು ಮರೆತೇ ಹೋಗುತ್ತದೆ.

ಒಲೆಯಿಂದ ಕಾಣುವ ಹಾಗೆ ಒಂದು ಗೋಡೆ ಗಡಿಯಾರ, ಅಳತೆಗೆ ಒಂದು ಲೀಟರಿನ ಖಾಲಿ ಬಾಟಲಿ, ಒಂದು ಟಾರ್ಚು, ದಿನಕ್ಕೊಂದು ಮನೆ ಇರುವ ಗೋಡೆ ಕ್ಯಾಲೆಂಡರು. ಇಷ್ಟು ಸಾಕು. ಇದರ ಜೊತೆಗೆ ಮನೆಯಲ್ಲಿ ಒಬ್ಬರಾದರೂ ನಿಮ್ಮ ಜೊತೆ ಇರಬೇಕು. ಗಂಡನೋ, ಹೈಸ್ಕೂಲಿಗೆ ಹೋಗುವ ಮಗಳೋ, ಯಾರಾದರೂ ಸರಿ. ಒಬ್ಬರೇ ಮಾಡಿದರೆ ಮನೆಯ ಉಳಿದವರಿಗೆ ಅದು ನಿಮ್ಮ ಹಟದಂತೆ ಕಾಣುತ್ತದೆ.

## ಹಂತ 1: ಮೂರು ದಿನ ಬರೀ ನೋಡಿ, ಬರೆಯಿರಿ

ಮೂರು ದಿನದಲ್ಲಿ ಒಂದು ಭಾನುವಾರ ಇರಲಿ. ರಜೆಯ ದಿನದ ರೂಢಿಗಳೇ ಬೇರೆ. ಬರೆಯುವಾಗ ಹೊತ್ತು ಮತ್ತು ಮಾಡಿದ ಕೆಲಸ, ಇವೆರಡೇ ಸಾಕು. ನನ್ನ ನೋಟ್‌ಬುಕ್ಕಿನ ಮೊದಲ ಪುಟ ಹೀಗಿದೆ:

6.10 – ಎದ್ದ ಕೂಡಲೇ ಗೀಸರ್ ಹಾಕಿದೆ. ಸ್ನಾನ ಮಾಡಿದ್ದು 7.30ಕ್ಕೆ.
7.15 – ಬೀನ್ಸ್ ಹೆಚ್ಚಿ, ಆಮೇಲೆ ತೊಳೆದೆ.
8.40 – ದೋಸೆ ತಟ್ಟೆ ಇನ್ನೂ ಕೈಯಲ್ಲಿದೆ, ಟೀ ಬಂತು.
12.50 – ಬೇಳೆ, ಜೋರು ಉರಿ, ಮೂರು ಕೂಗು.
6.00 – ಮಂಡಕ್ಕಿ ಮೆಣಸಿನಕಾಯಿ, ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದರು.
10.30 – ಟಿವಿ ಆಫ್, ಸೆಟ್‌ಟಾಪ್ ಬಾಕ್ಸಿನ ದೀಪ ಹಾಗೇ ಇದೆ.

ಈ ಮೂರು ದಿನ ಏನನ್ನೂ ಬದಲಿಸಬೇಡಿ. 'ತಪ್ಪು', 'ದಂಡ' ಅಂತ ಪಕ್ಕದಲ್ಲಿ ಬರೆಯಲೂ ಬೇಡಿ. ತೀರ್ಪು ಬರೆಯಲು ಶುರು ಮಾಡಿದ ಕೂಡಲೇ ನಮಗೆ ನಾಚಿಕೆಯಾಗುವ ರೂಢಿಗಳನ್ನು ಮುಚ್ಚಿಡುತ್ತೇವೆ.

ರೂಢಿ ಕಣ್ಣಿಗೆ ಬೀಳುವುದು ಕಷ್ಟ, ಕಿವಿಗೆ ಬೇಗ ಬೀಳುತ್ತದೆ. "ಮೊದಲಿಂದ್ಲೂ ಹಂಗೇ", "ಎಲ್ರೂ ಹಂಗೇ ಮಾಡ್ತಾರೆ", "ಹಂಗ್ ಮಾಡ್ಬಾರ್ದು ಅಷ್ಟೆ" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ, ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ ನೋಟ್‌ಬುಕ್ಕಿಗೆ ಬರಲಿ.

## ಹಂತ 2: ಒಂದನ್ನೇ ಆರಿಸಿ

ಪಟ್ಟಿಯಲ್ಲಿ ಇಪ್ಪತ್ತು ರೂಢಿ ಇರಬಹುದು. ಒಂದನ್ನು ಆರಿಸಲು ಮೂರು ಜರಡಿ ಹಿಡಿಯಿರಿ. ಅದು ನಿಮ್ಮ ಕೈಯಲ್ಲೇ ಇರುವ ಕೆಲಸವಾಗಿರಬೇಕು. ವಾರಕ್ಕೆ ಒಂದು ಸಲವಾದರೂ ಮರಳಿ ಬರಬೇಕು. ಬದಲಿಸಿದರೆ ಏನಾಯಿತು ಎಂಬುದು ಒಂದು ತಿಂಗಳಲ್ಲಿ ಕಣ್ಣಿಗೆ ಕಾಣಬೇಕು.

ಕೆಲವನ್ನು ಈ ಹಂತದಲ್ಲೇ ಪಕ್ಕಕ್ಕೆ ಇಡಬೇಕು. ಪೂಜೆ, ಹಬ್ಬ, ಹರಕೆಗಳನ್ನು ಇಲ್ಲಿಗೆ ತರಬೇಡಿ. ಅವುಗಳ ಬಗ್ಗೆ ಪ್ರಶ್ನೆ ಇರಬಾರದು ಅಂತಲ್ಲ. ಲೀಟರ್ ಬಾಟಲಿ, ಗಡಿಯಾರದಿಂದ ಅಳೆಯುವಂಥವು ಅವಲ್ಲ. ಅದರಿಂದಲೇ ಶುರು ಮಾಡಿದರೆ ಮನೆಯವರು ಉಳಿದದ್ದನ್ನೂ ಕೇಳಿಸಿಕೊಳ್ಳುವುದಿಲ್ಲ.

ಇನ್ನು ಕೆಲವಕ್ಕೆ ಉತ್ತರ ಆಗಲೇ ಸಿಕ್ಕಿದೆ. ಅವನ್ನು ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರುವುದು ಬೇಡ, ನೇರವಾಗಿ ಬದಲಿಸಿಬಿಡಿ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚುವುದು ಅಂಥದ್ದು. ಹಚ್ಚಿದರೆ ಶಾಖ ಒಳಗೇ ಉಳಿಯುತ್ತದೆ, ಡಾಕ್ಟರಿಗೆ ಗಾಯ ನೋಡಲೂ ಆಗುವುದಿಲ್ಲ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಐಸ್ ಬೇಡ. ತರಕಾರಿ ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ತೊಳೆದು ಹೋಗುತ್ತವೆ. ಮೊದಲು ತೊಳೆದು ಆಮೇಲೆ ಹೆಚ್ಚಿ.

ಟೀ ಕೂಡ ಈ ಗುಂಪಿಗೇ ಸೇರುತ್ತದೆ. ನಮ್ಮೂರಲ್ಲಿ ಬೆಣ್ಣೆ ದೋಸೆ ತಿಂದ ಮೇಲೆ ಟೀ ಇಲ್ಲದೆ ಎದ್ದರೆ ತಿಂದಂತೆಯೇ ಅನಿಸುವುದಿಲ್ಲ. ಆದರೆ ಟೀಯಲ್ಲಿರುವ ಟ್ಯಾನಿನ್, ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟವಾಗಿ ಒಂದು ಗಂಟೆಯವರೆಗೆ ಟೀ, ಕಾಫಿ ಬೇಡ ಅಂತ ಹೇಳಿದೆ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ನುಂಗುವ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆ ನೋಡಿ. ಮಾತ್ರೆ ನುಂಗಿ, ಹಿಂದೆಯೇ ಟೀ ಕುಡಿದರೆ ಮಾತ್ರೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಟೀ ಬಿಡಬೇಕಾಗಿಲ್ಲ. ಹತ್ತು ಗಂಟೆಗೆ ಕುಡಿಯಿರಿ.

## ಹಂತ 3: ಅದು ಶುರುವಾಗಿದ್ದು ಯಾಕೆ ಅಂತ ಕೇಳಿ

ಹೆಚ್ಚಿನವರು ಎಡವುವುದು ಇಲ್ಲಿ. ರೂಢಿ ಕಂಡ ಕೂಡಲೇ "ಇದು ದಂಡ, ನಿಲ್ಲಿಸಿ" ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಅದು ಒಂದು ಕೆಲಸ ಮಾಡುತ್ತಿತ್ತು. ಆ ಕೆಲಸ ಏನು ಅಂತ ತಿಳಿಯುವವರೆಗೆ ರೂಢಿಯ ಮೇಲೆ ಕೈ ಇಡಬೇಡಿ.

ಯಾರನ್ನು ಕೇಳಬೇಕು? ಮನೆಯಲ್ಲಿ ಹಿರಿಯರು ಯಾರೋ ಅವರನ್ನು. ಹೇಗೆ ಕೇಳಬೇಕು ಎಂಬುದು ಇನ್ನೂ ಮುಖ್ಯ. "ಯಾಕೆ ಹಿಂಗೆ ಮಾಡ್ತೀರಿ?" ಅಂದರೆ ತಪ್ಪು ಹಿಡಿದಂತಾಗುತ್ತದೆ. "ಮೊದಲು ಹೇಗಿತ್ತು?" ಅಂತ ಕೇಳಿ. ಕೈಯಲ್ಲಿ ಅವರೆಕಾಯಿ ಬಿಡಿಸುವಂಥ ಕೆಲಸ ಇದ್ದಾಗ ಕೇಳಿದರೆ ಇನ್ನೂ ಒಳ್ಳೆಯದು. ನಾನು ಅತ್ತೆಯನ್ನು ಕೇಳಿದ್ದು ಹೀಗೆ:

"ಅತ್ತೆ, ನೀವು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ರಿ?"

"ಬಾವಿಯಿಂದ ಕಣಮ್ಮ. ಬೇಸಿಗೆಯಾಗೆ ಕೆರೆಯಿಂದ. ತಂದು ಹಂಡೇಕ್ ಹಾಕ್ತಿದ್ವಿ."

"ಹಂಡೆಗೆ ಮುಚ್ಚಳ ಇತ್ತಾ?"

"ಎಲ್ಲಿ ಮುಚ್ಚಳ? ಮೂರು ದಿನಕ್ಕೆ ತಳದಾಗೆ ರಾಡಿ ನಿಲ್ಲೋದು. ಮೇಲೆ ಸಣ್ಣ ಹುಳ ಆಡೋವು. ಅದ್ಕೇ ನಮ್ಮತ್ತೆ, ಹೊಸ ನೀರು ತಂದ್ ದಿನ ಹಳೇದು ಚೆಲ್ಲಿ ಹಂಡೆ ಬೆಳಗ್ಬೇಕು ಅನ್ನೋರು."

ಈ ನಾಲ್ಕು ಮಾತಿನಲ್ಲಿ ಎಲ್ಲ ಇದೆ. ಚೆಲ್ಲಲು ಕಾರಣ ಎರಡು: ತಳದ ರಾಡಿ, ಮೇಲಿನ ಹುಳ. ಇದರ ಜೊತೆಗೆ, ನಾನು ಮರೆತೇಬಿಟ್ಟಿದ್ದ ಅರ್ಧ ರೂಢಿಯೂ ಹೊರಗೆ ಬಂತು. ಅವರು ಚೆಲ್ಲಿ ಸುಮ್ಮನಾಗುತ್ತಿರಲಿಲ್ಲ, ಹಂಡೆಯನ್ನು ಬೆಳಗುತ್ತಿದ್ದರು. ನಾವು ಚೆಲ್ಲುವುದನ್ನು ಉಳಿಸಿಕೊಂಡು ಬೆಳಗುವುದನ್ನು ಬಿಟ್ಟಿದ್ದೆವು.

ನೋಟ್‌ಬುಕ್ಕಿನಲ್ಲಿ ಕಾರಣವನ್ನು ಹಿರಿಯರ ಮಾತಿನಲ್ಲೇ ಬರೆಯಿರಿ. ನಿಮ್ಮ ಮಾತಿಗೆ ತಿರುಗಿಸಿದರೆ ಹಂಡೆ ಬೆಳಗುವಂಥ ಸಣ್ಣ ವಿಷಯ ಜಾರಿಹೋಗುತ್ತದೆ. ಅವರಿಗೂ ಕಾರಣ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಬರೆದು, ಇನ್ನೊಬ್ಬರನ್ನು ಕೇಳಿ. ನೀವೇ ಒಂದು ಕಾರಣ ಹೊಸೆಯಬೇಡಿ. ಮೆಸೇಜುಗಳಲ್ಲಿ ಬರುವ "ನಮ್ಮ ಪೂರ್ವಜರು ಇದನ್ನು ಮಾಡುತ್ತಿದ್ದುದು ಈ ವಿಜ್ಞಾನಕ್ಕಾಗಿ" ಎಂಬ ವಿವರಣೆಗಳಲ್ಲಿ ಆಮೇಲೆ ಹೊಸೆದವೇ ಜಾಸ್ತಿ.

## ಹಂತ 4: ಆ ಕಾರಣ ಇವತ್ತೂ ಇದೆಯಾ ನೋಡಿ

ಈಗ ಟಾರ್ಚು ತೆಗೆದುಕೊಳ್ಳಿ. ನಾನು ನಮ್ಮ ಹಿತ್ತಲಿನ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಬೆಳಕು ಬಿಟ್ಟೆ. ತಳದಲ್ಲಿ ರಾಡಿ ಇರಲಿಲ್ಲ. ಆ ಕಾರಣ ಸತ್ತಿದೆ. ಆದರೆ ಮುಚ್ಚಳದ ಒಂದು ಅಂಚು ಒಡೆದಿತ್ತು. ಅದರ ಕೆಳಗೆ ನೀರಿನ ಮೇಲ್ಮೈಗೆ ಬಾಲ ಅಂಟಿಸಿಕೊಂಡು, ತಲೆ ಕೆಳಗೆ ಮಾಡಿ ಐದಾರು ಹುಳ ನೇತಾಡುತ್ತಿದ್ದವು. ಬೆಳಕು ಬಿದ್ದ ಕೂಡಲೇ ಕೊಂಕುತ್ತಾ ತಳಕ್ಕೆ ಇಳಿದವು. ಸೊಳ್ಳೆಯ ಮರಿಗಳು. ಅತ್ತೆಯ ಕಾಲದ ಎರಡನೇ ಕಾರಣ ಇನ್ನೂ ಜೀವಂತ ಇತ್ತು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಮನೆಯ ನೀರಿನಲ್ಲೇ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಸೆಕೆಗೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಅದು ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಬರೀ ಚೆಲ್ಲುವುದರಿಂದ ನೀರು ಹೋಯಿತೇ ಹೊರತು ಸೊಳ್ಳೆ ಹೋಗಲಿಲ್ಲ. ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿದರೆ ಮಾತ್ರ ಹೋಗುತ್ತದೆ.

ಕುಡಿಯುವ ನೀರಿನ ವಿಷಯ ಬೇರೆ. ನಲ್ಲಿ ನೀರಿನಲ್ಲಿ ಇರುವ ಕ್ಲೋರಿನ್ ಇಟ್ಟಷ್ಟೂ ಕಮ್ಮಿಯಾಗುತ್ತಾ ಹೋಗುತ್ತದೆ. ಹಾಗಾಗಿ 'ಹಳೇದು' ಎಂಬ ಅನುಮಾನ ಪೂರ್ತಿ ಸುಳ್ಳಲ್ಲ. ಆದರೂ ನೀರು ಕೆಡುವುದು ದಿನ ಕಳೆದದ್ದಕ್ಕಿಂತ ಜಾಸ್ತಿ, ಕೈ ಅದ್ದಿದ್ದರಿಂದ. ಮುಚ್ಚಳ ಗಟ್ಟಿಯಾಗಿರಬೇಕು, ಪಾತ್ರೆಗೆ ನಲ್ಲಿ ಇರಬೇಕು, ಇಲ್ಲವೇ ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಬೇಕು. ಅನುಮಾನ ಬಂದರೆ ಕುದಿಸಿ. ತಳಮಳ ಅಂತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಹದಿನೈದು ನಿಮಿಷ ಕುದಿಸುವುದೂ ಒಂದು ರೂಢಿಯೇ.

ಎಚ್ಚರಿಕೆ. ಕಾರಣ ಒಂದು ಊರಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ನನ್ನ ತವರು ಚಿತ್ರದುರ್ಗದ ಕಡೆ, ಬೋರ್‌ವೆಲ್ ನೀರಿನ ಊರು. ಆ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಪಟ್ಟಿ ಬಿದ್ದ ಮಕ್ಕಳನ್ನು ಅಲ್ಲಿ ಎಲ್ಲರೂ ನೋಡಿದ್ದಾರೆ. ನಮ್ಮಮ್ಮ "ನೀರು ಸರಿ ಇಲ್ಲ" ಅಂತ ದಿನಾ ಕುದಿಸುತ್ತಿದ್ದಳು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅಷ್ಟು ವರ್ಷ ಸೌದೆ ಉರಿಸಿ ನಮಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿದ್ದಳು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಬಣ್ಣ, ರುಚಿ ನೋಡಿ ಇದು ತಿಳಿಯುವುದಿಲ್ಲ. ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ, ಇಲ್ಲವೇ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಡಿ. ಪ್ರಮಾಣ ಜಾಸ್ತಿ ಬಂದರೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಅಡುಗೆಗೆ ಬೋರ್ ನೀರು, ಕುಡಿಯಲು ಮಾತ್ರ ಘಟಕದ ನೀರು ಅಂತ ಮಾಡುವ ಮನೆಗಳೇ ಜಾಸ್ತಿ. ಅನ್ನ, ಸಾರಿನ ಜೊತೆಗೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ.

## ಹಂತ 5: ಸಣ್ಣದಾಗಿ, ಅಳೆದು ಪರೀಕ್ಷಿಸಿ

ಇದಕ್ಕೆ ಕುಕ್ಕರಿನಷ್ಟು ಒಳ್ಳೆಯ ಉದಾಹರಣೆ ಇಲ್ಲ. "ಮೂರು ಕೂಗು ಕೂಗಿಸಿ ಇಳಿಸು" ಎಂಬುದು ನಮ್ಮೆಲ್ಲರ ಅಡುಗೆಮನೆಯ ಲೆಕ್ಕ. ಆದರೆ ಕೂಗು ಹೊತ್ತನ್ನು ಅಳೆಯುವುದಿಲ್ಲ. ಒಳಗೆ ಒತ್ತಡ ತುಂಬಿದಾಗ ನೀರು 100 ಡಿಗ್ರಿಗೆ ಕುದಿಯುವ ಬದಲು ಸುಮಾರು 120 ಡಿಗ್ರಿವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಅದರಿಂದ. ಆಮೇಲೆ ಎಷ್ಟು ಜೋರು ಉರಿ ಇಟ್ಟರೂ ಶಾಖ ಏರುವುದಿಲ್ಲ. ಹೆಚ್ಚಾದ ಆವಿ ಕೂಗಿ ಹೊರಗೆ ಹೋಗುತ್ತದೆ, ಅಷ್ಟೆ. ಗ್ಯಾಸೂ ಅದರ ಜೊತೆಗೇ ಹೋಯಿತು.

ಪರೀಕ್ಷೆ ಹೀಗೆ ಮಾಡಿ. ಎರಡು ದಿನವೂ ಒಂದೇ ಅಳತೆಯ ತೊಗರಿಬೇಳೆ, ಒಂದೇ ಅಳತೆಯ ನೀರು, ಒಂದೇ ಒಲೆ. ಬೇಳೆ ಎರಡು ದಿನವೂ ಅರ್ಧ ಗಂಟೆ ನೆನೆದಿರಲಿ. ಮೊದಲ ದಿನ ಹಳೇ ಕ್ರಮ: ಜೋರು ಉರಿ, ಮೂರು ಕೂಗು. ಎರಡನೇ ದಿನ ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಸಣ್ಣಗೆ ಮಾಡಿ, ಗಡಿಯಾರ ನೋಡಿ ಎಂಟು ನಿಮಿಷ ಬಿಟ್ಟು ಆರಿಸಿ. ಎರಡೂ ದಿನ ಒತ್ತಡ ತಾನಾಗಿಯೇ ಇಳಿದ ಮೇಲೆ ಮುಚ್ಚಳ ತೆಗೆಯಿರಿ. ಒಂದು ಕಾಳು ಬೇಳೆಯನ್ನು ಹೆಬ್ಬೆಟ್ಟು, ತೋರುಬೆರಳಿನ ನಡುವೆ ಒತ್ತಿ ನೋಡಿ. ನಡುವೆ ಬಿಳಿ ಗಟ್ಟಿ ಸಿಕ್ಕಿದರೆ ಬೆಂದಿಲ್ಲ. ಬೆಂದಿಲ್ಲವಾದರೆ ಎರಡು ನಿಮಿಷ ಜಾಸ್ತಿ ಮಾಡಿ ಮಾರನೇ ದಿನ ನೋಡಿ. ಬೇಳೆ ಹಳೆಯದಾಗಿದ್ದರೆ, ನೀರು ಗಡಸಾಗಿದ್ದರೆ ನಿಮಿಷ ಜಾಸ್ತಿ ಬೇಕು. ಬೋರ್ ನೀರಿನವರು ಇದನ್ನು ನೆನಪಿಡಿ.

ನಮ್ಮ ಮನೆಯಲ್ಲಿ ಒಂಬತ್ತು ನಿಮಿಷಕ್ಕೆ ಸರಿ ಹೋಯಿತು. ಕುಕ್ಕರಿನ ಮುಚ್ಚಳಕ್ಕೆ, ಒಲೆ ಕಟ್ಟೆಗೆ ಸಿಡಿಯುತ್ತಿದ್ದ ಹಳದಿ ನೊರೆಯೂ ನಿಂತಿತು. ಗ್ಯಾಸ್ ಎಷ್ಟು ಉಳಿಯಿತು ಅಂತ ನೋಡಲು ಸಿಲಿಂಡರ್ ಹಾಕಿದ ತಾರೀಖು, ಮುಗಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ಸಿಲಿಂಡರಿನ ಲೆಕ್ಕ ನಂಬಬೇಡಿ. ನೆಂಟರು ಬಂದ ತಿಂಗಳು, ಹಬ್ಬದ ತಿಂಗಳು ಲೆಕ್ಕ ಕೆಡುತ್ತದೆ. ಮೂರು ಸಿಲಿಂಡರ್ ನೋಡಿ.

ಪರೀಕ್ಷೆಯಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಿ. ನೆನೆಸುವುದು, ಉರಿ, ನೀರಿನ ಅಳತೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

## ಹಂತ 6: ಬಿಡುವುದಾ, ತಿದ್ದುವುದಾ, ಇಟ್ಟುಕೊಳ್ಳುವುದಾ

ಪೂರ್ತಿ ಬಿಡಬೇಕಾದ ರೂಢಿ ಕಮ್ಮಿ. ಹೆಚ್ಚಿನವನ್ನು ತಿದ್ದಿದರೆ ಸಾಕು. ನಮ್ಮ ನೀರಿನ ರೂಢಿ ತಿದ್ದುಪಡಿಯಾಯಿತು: ಉಳಿದ ನೀರು ಪಾತ್ರೆ ತೊಳೆಯಲು, ಗಿಡಕ್ಕೆ, ಬಚ್ಚಲಿಗೆ. ವಾರಕ್ಕೊಂದು ದಿನ ಡ್ರಮ್ ಉಜ್ಜುವುದು ಖಾಯಂ. ಒಡೆದ ಮುಚ್ಚಳಕ್ಕೆ ಹಳೇ ಪಂಚೆ ಕಟ್ಟಿದ್ದೇವೆ.

ಮಂಡಕ್ಕಿ ಮೆಣಸಿನಕಾಯಿಯದೂ ಹಾಗೇ. ಅದನ್ನು ಬಿಡಿ ಅಂದರೆ ದಾವಣಗೆರೆಯಲ್ಲಿ ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಕೆಟ್ಟದ್ದು ಪೇಪರಿನದು. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಬಿಟ್ಟು ತಿಂಡಿಗೆ ಅಂಟುತ್ತದೆ. ತಿಂಡಿ ಕಟ್ಟಲು ಸುದ್ದಿ ಪತ್ರಿಕೆ ಬಳಸಬಾರದು ಅಂತ 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲೇ ಇದೆ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇಡಿ. "ಅಣ್ಣಾ, ಇದರೊಳಗೇ ಹಾಕಿಬಿಡಿ" ಅಂದರೆ ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ.

## ನಿಲ್ಲಿಸಿ ಮತ್ತೆ ಯೋಚಿಸಬೇಕಾದ ಸೂಚನೆಗಳು

ಡಾಕ್ಟರು ಬರೆದ ಮಾತ್ರೆ ಈ ಪಟ್ಟಿಯಲ್ಲಿ ಬಂದಿದ್ದರೆ ಈಗಲೇ ಅಳಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ "ಸುಮ್ನೆ ರೂಢಿಗೆ ನುಂಗ್ತಿದ್ದೀನಿ, ನಾಲ್ಕು ದಿನ ಬಿಟ್ಟು ನೋಡೋಣ" ಅನ್ನುವ ವಿಷಯವಲ್ಲ. ಪ್ರಶ್ನೆ ಇದ್ದರೆ ಮಾತ್ರೆ ನುಂಗುತ್ತಲೇ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಒಬ್ಬರು ನಿಮ್ಮೆದುರು ಒಂದು ರೀತಿ, ನೀವಿಲ್ಲದಾಗ ಹಳೇ ರೀತಿ ಮಾಡುತ್ತಿದ್ದರೆ, ನೀವು ಹಂತ 3ನ್ನು ಸರಿಯಾಗಿ ಮಾಡಿಲ್ಲ. ಅವರ ಬಳಿ ನೀವು ಕೇಳಿಸಿಕೊಳ್ಳದ ಕಾರಣ ಒಂದಿದೆ. ಹೋಗಿ ಕೂತು ಕೇಳಿ. ಹೊಸ ಕ್ರಮದ ಕೆಲಸವೆಲ್ಲ ಒಬ್ಬರ ಹೆಗಲಿಗೇ ಬೀಳುತ್ತಿದೆಯಾ ಎಂಬುದನ್ನೂ ನೋಡಿ. ಗಂಡಸರು ಪ್ರಶ್ನೆ ಕೇಳಿ, ಡ್ರಮ್ ಉಜ್ಜುವುದು ಹೆಂಗಸರಿಗೇ ಬಂದರೆ ಅದು ತಿದ್ದಿದ್ದಲ್ಲ, ಹೊರೆ ಹೊರಿಸಿದ್ದು.

ಇನ್ನೊಂದು ಸೂಚನೆ: ನೋಟ್‌ಬುಕ್ಕಿನಲ್ಲಿ ಬರೀ ಬೇರೆಯವರ ರೂಢಿಗಳೇ ತುಂಬಿದ್ದರೆ ಹಂತ 1ಕ್ಕೆ ಮರಳಿ.

## ಹಂತ 7: ಹೊಸದನ್ನು ಊರಿಸಿ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 22ನೇ ದಿನ ಮರೆತು, "ನನ್ನ ಕೈಲಿ ಆಗಲ್ಲ" ಅಂತ ಬಿಟ್ಟವರನ್ನು ನೋಡಿದ್ದೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು ಇದನ್ನು ಜನರ ಮೇಲೆ ಅಳೆದು ನೋಡಿದ್ದಾರೆ. ಸರಾಸರಿ 66 ದಿನ ಹಿಡಿಯಿತು. ಬೇಗ ಆದವರಿಗೆ 18, ತಡವಾದವರಿಗೆ ಅಂದಾಜು 254 ದಿನ. ಹಾಗಾಗಿ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಮುಂದಕ್ಕೆ ಗುರುತು ಹಾಕಿ.

ಹೊಸ ಕೆಲಸವನ್ನು ಆಗಲೇ ನಡೆಯುವ ಒಂದು ಕೆಲಸಕ್ಕೆ ಗಂಟು ಹಾಕಿ. ಸೋಮವಾರ ಸಂತೆ ಚೀಲ ಇಳಿಸಿದ ಕೂಡಲೇ ಡ್ರಮ್ ಉಜ್ಜುವುದು, ಕುಕ್ಕರ್ ಮೊದಲು ಕೂಗಿದ ಕೂಡಲೇ ಗಡಿಯಾರ ನೋಡುವುದು. ಬೇಕಾದ ಸಾಮಾನು ಆ ಜಾಗದಲ್ಲೇ ಇರಲಿ. ಬ್ರಷ್ಷನ್ನು ಮೇಲಟ್ಟದ ಮೇಲೆ ಇಟ್ಟರೆ ಉಜ್ಜುವುದು ಎರಡೇ ವಾರ.

ಮಧ್ಯೆ ತಪ್ಪುತ್ತದೆ. ದುಗ್ಗಮ್ಮನ ಜಾತ್ರೆಯ ವಾರ ಮನೆತುಂಬ ನೆಂಟರು, ಕುಕ್ಕರ್ ಯಾರು ಇಟ್ಟರೋ ಯಾರು ಇಳಿಸಿದರೋ. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಊರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ದಿನವನ್ನು ಒಂದರಿಂದ ಎಣಿಸಬೇಡಿ, ಬಿಟ್ಟ ಕಡೆಯಿಂದಲೇ ಮುಂದುವರಿಸಿ. ನೆಂಟರನ್ನು ಬಸ್ಸು ಹತ್ತಿಸಿ ಬಂದ ದಿನ ಟಾರ್ಚು ತೆಗೆದುಕೊಂಡು ಡ್ರಮ್ಮಿನೊಳಗೆ ಒಂದು ಸಲ ನೋಡಿ, ಹುಳ ಕಂಡರೆ ಅವತ್ತೇ ಉಜ್ಜಿ.